ನಗರದ ಮನೆ, ಊರಿನ ನೆಲ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯು ಕನ್ನಡನಾಡಿನ ಪ್ರತಿಯೊಂದು ಸಂಸಾರಕ್ಕೂ ತಿಳಿದದ್ದು. ಅದರಲ್ಲಿ ಕಷ್ಟದ ಮಾತೇ ಮುಂದಾಗಿ ಕೇಳಿದರೂ, ಮನೆಯನ್ನು ಹೊಂದುವುದು ಮದುವೆಯಷ್ಟೇ ಸಹಜವಾದ ಇಷ್ಟಾರ್ಥವೆಂಬ ಒಪ್ಪಿಗೆಯೂ ಅದರೊಳಗೇ ಅಡಗಿದೆ. ಆದರೆ ಆ ಗಾದೆಯು ಒಂದು ಸಂಗತಿಯನ್ನು ಹೇಳದೆ ಬಿಟ್ಟಿದೆ. ಮನೆಗೆ ಮೊದಲು ನೆಲ ಬೇಕು. ಆ ನೆಲವು ಅದುವರೆಗೆ ಬೇರೆ ಯಾರದೋ ಆಗಿರುತ್ತದೆ. ಊರವನು ತನ್ನ ಹಿತ್ತಿಲಿನಲ್ಲೋ ಊರ ಅಂಚಿನಲ್ಲೋ ಗೋಡೆಯೆಬ್ಬಿಸುತ್ತಿದ್ದ ಕಾಲದಲ್ಲಿ ಇದು ದೊಡ್ಡ ತೊಡಕಾಗಿರಲಿಲ್ಲ. ಈಗ ಲಕ್ಷಾಂತರ ಮಂದಿಗೆ ಏಕಕಾಲದಲ್ಲಿ ಮನೆ ಬೇಕಾಗಿದೆ. ಅದಕ್ಕಾಗಿ ಹತ್ತು ಹನ್ನೆರಡು ಊರುಗಳ ಹೊಲಗದ್ದೆಗಳನ್ನು ಒಂದೇ ಆಜ್ಞೆಯಿಂದ ತೆಗೆದುಕೊಳ್ಳಬೇಕಾಗುತ್ತದೆ. ಊರವರು ಕೊಡುವುದಿಲ್ಲವೆಂದರೆ ಆ ನಿರಾಕರಣೆಗೆ ಎಷ್ಟು ಬೆಲೆಯಿದೆ? ಸಾವಿರ ಮಂದಿಯ ಅಗತ್ಯದ ಎದುರಿನಲ್ಲಿ ನೂರು ಮಂದಿಯ "ಒಲ್ಲೆ" ಎಂಬ ಮಾತು ನಿಲ್ಲತಕ್ಕದ್ದೆ? ಇದು ನ್ಯಾಯಸ್ಥಾನಗಳಲ್ಲಿ ಹಲವು ಸಲ ವಿಚಾರಣೆಗೆ ಬಂದಿರುವ ಪ್ರಶ್ನೆ. ಆದರೆ ನ್ಯಾಯಸ್ಥಾನದ ತೀರ್ಪಿನಿಂದ ಮುಗಿಯುವ ಪ್ರಶ್ನೆಯಲ್ಲ.

ಬೆಂಗಳೂರಿನ ಪಡುವಣ ಭಾಗವು ಈ ಪ್ರಶ್ನೆಗೆ ಒಳ್ಳೆಯ ದೃಷ್ಟಾಂತ. 1898ರ ಪ್ಲೇಗಿನ ಅನಂತರ ಪೇಟೆಯ ಇಕ್ಕಟ್ಟಿನಿಂದ ಜನರು ಹೊರಕ್ಕೆ ಸರಿದು ಬಸವನಗುಡಿ ಮಲ್ಲೇಶ್ವರಗಳು ತುಂಬಿಕೊಂಡವು. 1941ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆಯು ಸುಮಾರು ನಾಲ್ಕು ಲಕ್ಷ. 1951ರಲ್ಲಿ ಎಂಟು ಲಕ್ಷದ ಹತ್ತಿರ. 2011ರಲ್ಲಿ ಮಹಾನಗರ ಪಾಲಿಕೆಯ ಎಲ್ಲೆಯೊಳಗೇ 84 ಲಕ್ಷಕ್ಕೂ ಮಿಗಿಲು. ಈ ಬೆಳೆವಣಿಗೆಯನ್ನು ಹದ್ದಿನಲ್ಲಿಡುವುದಕ್ಕೆಂದು 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿಯು ಏರ್ಪಟ್ಟಿತು. 1976ರ ಕಾಯಿದೆಯ ಮೇರೆಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಅದರ ಸ್ಥಾನಕ್ಕೆ ಬಂದಿತು. ರಾಜಾಜಿನಗರವೂ ವಿಜಯನಗರವೂ ಬಸವೇಶ್ವರನಗರವೂ ಬರಿಯ ಬಯಲಿನಲ್ಲಿ ಎದ್ದ ಬಡಾವಣೆಗಳಲ್ಲ. ಕೇತಮಾರನಹಳ್ಳಿ, ಸಾಣೇಗುರುವನಹಳ್ಳಿ, ಮಾರೇನಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ ಎಂಬ ಹೆಸರುಗಳು ಇಂದಿಗೂ ಆ ಬೀದಿಗಳ ನಡುವೆ ಉಳಿದುಕೊಂಡು, ಅಲ್ಲಿ ಮೊದಲು ಊರುಗಳಿದ್ದುವೆಂಬುದಕ್ಕೆ ಸಾಕ್ಷಿ ನುಡಿಯುತ್ತಿವೆ. ಹಳೆಯ ಮನೆಗಳ ಸಾಲೂ, ಮಾರಮ್ಮನ ಗುಡಿಯೂ, ಒಂದು ಅರಳಿಕಟ್ಟೆಯೂ ಸಿಕ್ಕಿದ ಕಡೆಯಲ್ಲಿ ಹಿಂದಿನ ಊರ ನಡುವಣ ಭಾಗವನ್ನು ಇಂದಿಗೂ ಗುರುತಿಸಬಹುದು.

ಅನಂತರ ನಗರವು ಕೆಂಗೇರಿಯನ್ನು ಮುಟ್ಟಿತು, ಕೆಂಗೇರಿಯನ್ನು ದಾಟಿತು. 2008ರಲ್ಲಿ ಪ್ರಾಧಿಕಾರವು ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ, ಹನ್ನೆರಡು ಗ್ರಾಮಗಳಲ್ಲಿ, 4,000 ಎಕರೆಗೂ ಮೇಲ್ಪಟ್ಟ ಭೂಮಿಯನ್ನು ಬಡಾವಣೆಗಾಗಿ ಗುರುತಿಸಿ ಪ್ರಾಥಮಿಕ ಪ್ರಕಟಣೆಯನ್ನು ಹೊರಡಿಸಿತು. 2010ರಲ್ಲಿ ಅಂತಿಮ ಪ್ರಕಟಣೆಯಾಯಿತು. ಕೊಮ್ಮಘಟ್ಟ, ರಾಮಸಂದ್ರ, ಸೂಲಿಕೆರೆ, ಭೀಮನಕುಪ್ಪೆ, ಚಲ್ಲಘಟ್ಟ, ಕನ್ನಹಳ್ಳಿ ಮುಂತಾದುವು ಆ ಊರುಗಳು. ಬಡಾವಣೆಗೆ ನಾಡಪ್ರಭು ಕೆಂಪೇಗೌಡರ ಹೆಸರನ್ನಿಟ್ಟರು. ಮುಂದೆ ಇದೇ ಮೈಸೂರು ರಸ್ತೆಯಲ್ಲಿ, ಬಿಡದಿಯ ಬಳಿ, ಭೈರಮಂಗಲ ಕಂಚುಗಾರನಹಳ್ಳಿಗಳ ಸುತ್ತಲಿನ ಒಂಬತ್ತು ಗ್ರಾಮಗಳಲ್ಲಿ 7,000 ಎಕರೆಗೂ ಮಿಗಿಲಾದ ಭೂಮಿಯಲ್ಲಿ ಹೊಸ ಉಪನಗರವನ್ನು ಕಟ್ಟುವುದಕ್ಕಾಗಿ 2025ರಲ್ಲಿ ಪ್ರಕಟಣೆಯು ಹೊರಟಿತು. ರೈತರು ನೆಲವನ್ನು ಕೊಡುವುದಿಲ್ಲವೆಂದು ಧರಣಿ ಕುಳಿತರು. ಅವರಲ್ಲಿ ರಾಗಿ ಬೆಳೆಯುವವರು, ಹಿಪ್ಪುನೇರಳೆ ತೋಟವಿಟ್ಟು ರೇಷ್ಮೆಹುಳು ಸಾಕುವವರು, ತೆಂಗಿನ ತೋಟದವರು, ಎರಡು ಹಸುಗಳ ಹಾಲನ್ನು ಡೈರಿಗೆ ಹಾಕಿ ಸಂಸಾರ ತೂಗಿಸುವವರು, ಎಲ್ಲರೂ ಇದ್ದರು.

ಈ ನಿರಾಕರಣೆಯನ್ನು ವಿಚಾರಿಸುವುದಕ್ಕೆ ಮೊದಲು ಎದುರು ಪಕ್ಷದ ವಾದವನ್ನು ಅದರ ಪೂರ್ಣ ಬಲದೊಡನೆ ಕೇಳುವುದು ನ್ಯಾಯ. ನಗರದಲ್ಲಿ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಪಾತ್ರೆಪಡಗಗಳನ್ನು ಹೊತ್ತು ತಿರುಗುವ ಸಂಸಾರಗಳು ಲಕ್ಷಗಟ್ಟಲೆ ಇವೆ. ಅವರಲ್ಲಿ ಬಹುಮಂದಿ ತಾವೇ ಹಳ್ಳಿಗಳಿಂದ ಬಂದವರು. ಮಳೆ ಕೈಕೊಟ್ಟು, ಸಾಲ ಬೆಳೆದು, ಮಕ್ಕಳ ಓದಿಗಾಗಿ ಊರು ಬಿಟ್ಟವರು. ಅವರಿಗೆ ಮೂವತ್ತು ನಲವತ್ತು ಅಡಿಗಳ ಒಂದು ನಿವೇಶನವು ವಿಲಾಸದ ವಸ್ತುವಲ್ಲ. ಮುಪ್ಪಿನ ಕಾಲದ ನೆಲೆ. ಇದಲ್ಲದೆ, ಇಂದು ವಿಜಯನಗರದ ಮಹಡಿಯ ಮೇಲೆ ಕುಳಿತು ಹಳ್ಳಿಗಳ ಅಳಿವಿಗಾಗಿ ಮರುಗುವ ವಿದ್ಯಾವಂತನು ಯಾವ ನೆಲದ ಮೇಲೆ ಕುಳಿತಿದ್ದಾನೆ? ಅದೂ ಒಂದು ಕಾಲಕ್ಕೆ ಯಾರದೋ ರಾಗಿಯ ಹೊಲ. ರೈಲಿನ ಡಬ್ಬಿಯಲ್ಲಿ ತಾನು ಹತ್ತಿ ಕುಳಿತ ಮೇಲೆ, ಜಾಗವಿಲ್ಲವೆಂದು ಒಳಗಿನಿಂದ ಅಗಳಿ ಹಾಕುವವನ ಮಾತಿಗೂ ಇವನ ಮಾತಿಗೂ ಏನು ವ್ಯತ್ಯಾಸ? ಕೆಲವರ ಹೊಲವು ಹಲವರ ಮನೆಯಾಗುವುದಾದರೆ, ಹೊಲದವರಿಗೆ ತಕ್ಕ ಪರಿಹಾರವನ್ನು ಕೊಟ್ಟು ಹಲವರ ಹಿತವನ್ನು ಸಾಧಿಸುವುದೇ ರಾಜಧರ್ಮವಲ್ಲವೆ?

ಈ ಪೂರ್ವಪಕ್ಷದಲ್ಲಿ ಸತ್ಯವಿಲ್ಲವೆಂದು ಯಾರೂ ಹೇಳಲಾರರು. ಆದರೆ ಅದರ ಒಂದೊಂದು ಮೆಟ್ಟಿಲನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು.

ಮೊದಲನೆಯದು, ಹಲವರ ಹಿತವೆಂಬ ಮಾತು. ಹಲವರು ಕೆಲವರೆಂಬ ಲೆಕ್ಕವು ಸರಿಯಾಗಬೇಕಾದರೆ ಎರಡು ಕಡೆಯವರನ್ನೂ ಎಣಿಸಬೇಕು. ಬಡಾವಣೆಯಿಂದ ಲಾಭವನ್ನು ಪಡೆಯುವವರ ಎಣಿಕೆಯು ಸುಲಭ. ಅವರು ಅರ್ಜಿ ಹಾಕಿರುತ್ತಾರೆ, ಮುಂಗಡವನ್ನು ಕಟ್ಟಿರುತ್ತಾರೆ, ಅವರ ಹೆಸರುಗಳು ದಫ್ತರದಲ್ಲಿರುತ್ತವೆ. ನಷ್ಟಪಡುವವರಲ್ಲಿ ಪಹಣಿಯಲ್ಲಿ ಹೆಸರಿರುವವರು ಮಾತ್ರ ಲೆಕ್ಕಕ್ಕೆ ಬರುತ್ತಾರೆ. ಆ ಹೊಲದಲ್ಲಿ ಕಳೆ ಕೀಳುವ ಕೂಲಿಯ ಹೆಂಗಸು, ಗೋಮಾಳದಲ್ಲಿ ಕುರಿ ಮೇಯಿಸುವವನು, ನೇಗಿಲು ಕುಳಗಳನ್ನು ಮಾಡಿಕೊಡುವವನು, ವಾರಕ್ಕೆ ಮಾಡುವ ಸಣ್ಣ ರೈತನು, ಇವರ ಹೆಸರುಗಳು ಯಾವ ಪಹಣಿಯಲ್ಲಿವೆ? ಭೂಮಿಯನ್ನು ಕಳೆದುಕೊಂಡವನಿಗೆ ಹಣವಾದರೂ ಬರುತ್ತದೆ. ಭೂಮಿಯಿಲ್ಲದವನು ಕಳೆದುಕೊಳ್ಳುವುದು ಕೆಲಸವನ್ನು. 2013ರ ಭೂಸ್ವಾಧೀನ ಕಾಯಿದೆಯು ಇಂತಹವರನ್ನೂ ಬಾಧಿತ ಕುಟುಂಬಗಳೆಂದು ಗಣಿಸಿ, ಸಾಮಾಜಿಕ ಪರಿಣಾಮದ ವಿಮರ್ಶೆಯು ಮೊದಲು ನಡೆಯಬೇಕೆಂದು ವಿಧಿಸಿತು. 1894ರಿಂದ ನಡೆದುಬಂದಿದ್ದ ಹಳೆಯ ಕಾಯಿದೆಯಲ್ಲಿ ಈ ದೃಷ್ಟಿಯೇ ಇರಲಿಲ್ಲ. ಹೀಗೆ ನೂರ ಇಪ್ಪತ್ತು ವರ್ಷಗಳ ಕಾಲ ಹಲವರ ಹಿತದ ಲೆಕ್ಕವನ್ನು ಒಂದು ಕಣ್ಣನ್ನು ಮುಚ್ಚಿಕೊಂಡೇ ಬರೆದಂತಾಯಿತು. ಆ ಕಣ್ಣನ್ನು ತೆರೆದು ಮತ್ತೆ ಎಣಿಸಿದರೆ ಕೆಲವರೆಂದು ತೋರಿದ್ದವರು ಅಷ್ಟು ಕೆಲವರಾಗಿ ಉಳಿಯುವುದಿಲ್ಲ.

ಎರಡನೆಯದು, ಅಗತ್ಯವೆಂಬ ಮಾತು. ಅಗತ್ಯವಿರುವುದು ಮನೆಗೆ, ಕೊಡುವುದು ನಿವೇಶನವನ್ನು. ಇವೆರಡೂ ಒಂದೇ ಅಲ್ಲ. ಮನೆಯೆಂದರೆ ಒಲೆ ಉರಿಯತಕ್ಕ ಸ್ಥಳ. ನಿವೇಶನವು ಮನೆಯಾಗಬಹುದು, ಇಲ್ಲವೆ ಬೀರುವಿನಲ್ಲಿಟ್ಟ ಬಂಗಾರದಂತೆ ಬೆಲೆಯೇರುವುದನ್ನು ಕಾಯುತ್ತ ಪಾಳು ಬಿದ್ದಿರಬಹುದು. ನಗರದ ಅಂಚಿನ ಬಡಾವಣೆಗಳಲ್ಲಿ ಬೇಲಿಗಿಡ ಬೆಳೆದು ನಿಂತಿರುವ ನಿವೇಶನಗಳನ್ನು ಯಾರು ಬೇಕಾದರೂ ಕಾಣಬಹುದು. ಕೆಂಪೇಗೌಡ ಬಡಾವಣೆಯಲ್ಲಿಯೇ 2016ರಲ್ಲಿ ಮೊದಲನೆಯ ಹಂಚಿಕೆಯಾದ ಮೇಲೆ ರಸ್ತೆ, ನೀರು, ವಿದ್ಯುತ್ತು, ಒಳಚರಂಡಿಗಳಿಗಾಗಿ ನಿವೇಶನದಾರರು ವರ್ಷಗಟ್ಟಲೆ ಕಾದರು. ಬೆಳೆಯೂ ಇಲ್ಲದ, ಮನೆಯೂ ಇಲ್ಲದ ಆ ನಡುಗಾಲದಲ್ಲಿ ನೆಲವು ಯಾರಿಗೂ ಉಪಯೋಗಕ್ಕೆ ಬರಲಿಲ್ಲ; ಊರವನೂ ಸೋತನು, ನಗರದವನೂ ಸೋತನು. ಒಬ್ಬನ ಅನ್ನದ ಹೊಲವನ್ನು ಬಲವಂತದಿಂದ ತೆಗೆಯುವುದಕ್ಕೆ ಮತ್ತೊಬ್ಬನ ತಲೆಯ ಮೇಲಿನ ಸೂರು ಕಾರಣವಾಗಬಹುದು. ಮತ್ತೊಬ್ಬನ ಬಂಡವಾಳವು ಕಾರಣವಾಗಲಾರದು. ಅಗತ್ಯದ ಹೆಸರಿನಲ್ಲಿ ತೆಗೆದುಕೊಂಡ ಭೂಮಿಯು ಅಗತ್ಯಕ್ಕೇ ಸಲ್ಲಬೇಕೆಂಬುದು ಆ ಬಲಾತ್ಕಾರದ ಮೊದಲನೆಯ ಕರಾರು.

ಮೂರನೆಯದು, ತಕ್ಕ ಪರಿಹಾರವೆಂಬ ಮಾತು. ಸಂತೆಯಲ್ಲಿ ಬೆಲೆಯೆಂಬುದು ಹುಟ್ಟುವುದು ಮಾರುವವನೂ ಕೊಳ್ಳುವವನೂ ಒಪ್ಪಿದಾಗ. ಮಾರಲೊಲ್ಲದವನ ಎತ್ತಿಗೆ ಸಂತೆಯ ದರವನ್ನು ಕೊಟ್ಟು ಹಗ್ಗವನ್ನು ಬಿಚ್ಚಿಕೊಂಡು ಹೋದರೆ, ಹಣವು ಪೂರ್ಣವಾಗಿ ಸಂದಿದ್ದರೂ ಅದನ್ನು ವ್ಯಾಪಾರವೆಂದು ಯಾರೂ ಕರೆಯುವುದಿಲ್ಲ. ಆದುದರಿಂದಲೇ ಶಾಸನಗಳು ಬೆಲೆಯ ಮೇಲೆ ಸಾಂತ್ವನದ ಹಣವೆಂದು ಇನ್ನೊಂದಷ್ಟನ್ನು ಸೇರಿಸುತ್ತ ಬಂದಿವೆ. 2013ರ ಕಾಯಿದೆಯು ಅದನ್ನು ಪರಿಹಾರದ ಮೊತ್ತದಷ್ಟೇ ಮಾಡಿತು. ಇಚ್ಛೆಗೆ ವಿರೋಧವಾಗಿ ತೆಗೆದುಕೊಳ್ಳುವುದರಲ್ಲಿ ಒಂದು ನೋವಿದೆಯೆಂಬುದನ್ನು ಶಾಸನವೇ ಒಪ್ಪಿದ ಹಾಗಾಯಿತು. ಆದರೂ ಕೆಲವು ವಸ್ತುಗಳಿಗೆ ಲೆಕ್ಕ ಕಟ್ಟುವ ಬಗೆಯೇ ಇಲ್ಲ. ಎಕರೆಗೆ ಇಷ್ಟೆಂದು ಹಣವನ್ನು ಎಣಿಸಬಹುದು. ಯಾವ ಮಣ್ಣಿಗೆ ಯಾವ ಮಳೆಯಲ್ಲಿ ಯಾವ ಬೀಜವೆಂದು ತಿಳಿದಿರುವ ರೈತನ ವಿದ್ಯೆಗೆ ದರವೇನು? ಆ ನೆಲವು ಹೋದ ದಿನವೇ ಆ ವಿದ್ಯೆಯು ನಿರುಪಯೋಗಿಯಾಗುತ್ತದೆ. ಐವತ್ತು ವರ್ಷದ ಪಂಡಿತನು ಒಂದೇ ದಿನದಲ್ಲಿ ಕಾವಲುಗಾರನ ಕೆಲಸಕ್ಕೆ ಅಭ್ಯರ್ಥಿಯಾಗುತ್ತಾನೆ. ಪರಿಹಾರದ ಹಣದ ಬದಲು ಬಡಾವಣೆಯಲ್ಲಿಯೇ ಅಭಿವೃದ್ಧಿಯಾದ ನೆಲದ ಒಂದು ಪಾಲನ್ನು ರೈತನಿಗೆ ಕೊಡುವ ಏರ್ಪಾಡು ಈಚೆಗೆ ಬಂದಿದೆ. ನಗರದ ಏಳಿಗೆಯಲ್ಲಿ ಅವನನ್ನೂ ಪಾಲುಗಾರನನ್ನಾಗಿ ಮಾಡುವ ಈ ಕ್ರಮವು ಹಳೆಯದಕ್ಕಿಂತ ಮೇಲಾದದ್ದು. ಆದರೆ ಬಡಾವಣೆಯ ಕೆಲಸವು ತಡವಾದಷ್ಟೂ ಆ ಪಾಲು ಕಾಗದದಲ್ಲಿಯೇ ಉಳಿಯುತ್ತದೆ. ಕಾಗದವು ಹಸಿವಿಗೆ ಒದಗುವುದಿಲ್ಲ.

ನಾಲ್ಕನೆಯದು, ಅಗಳಿ ಹಾಕುವವನ ದೃಷ್ಟಾಂತ. ಇದು ಚುರುಕಾದ ಮಾತು. ನಗರದ ಮರುಕದವರಿಗೆ ಸಲ್ಲತಕ್ಕದ್ದೇ ಸರಿ. ಆದರೆ ಭೈರಮಂಗಲದ ರೈತನಿಗೆ ಇದು ಸಲ್ಲುವುದಿಲ್ಲ. ಅವನು ಡಬ್ಬಿಯೊಳಕ್ಕೆ ಹತ್ತಿದವನೇ ಅಲ್ಲ. ರೈಲುಹಾದಿಗೆ ತನ್ನ ಹೊಲವನ್ನು ಕೇಳಿಸಿಕೊಂಡವನು. ಅವನ ಸಂಬಂಧವನ್ನು ತಿಳಿಯಬೇಕಾದರೆ ವೃಷಭಾವತಿಯ ಹಾದಿಯನ್ನು ನೋಡಬೇಕು. ಬೆಂಗಳೂರಿನಲ್ಲಿ ಹುಟ್ಟುವ ಈ ಹೊಳೆಯು ನಗರದ ಪಡುವಣ ಬಡಾವಣೆಗಳ ಕೊಳಚೆಯನ್ನೂ ಕಾರ್ಖಾನೆಗಳ ಹೊಲಸನ್ನೂ ಹೊತ್ತು, ಮೈಸೂರು ರಸ್ತೆಯ ಪಕ್ಕದಲ್ಲಿ ಕೆಂಗೇರಿಯನ್ನು ಹಾದು, ನೊರೆ ಕಾರುತ್ತ ಭೈರಮಂಗಲದ ಜಲಾಶಯವನ್ನು ಸೇರುತ್ತದೆ. ಹೊಲಗಳಿಗೆ ನೀರುಣಿಸಲೆಂದು ಕಟ್ಟಿದ ಆ ಜಲಾಶಯಕ್ಕೆ ನಗರವು ದಶಕಗಳಿಂದ ತನ್ನ ಬಚ್ಚಲ ನೀರನ್ನು ಕಳುಹಿಸುತ್ತ ಬಂದಿದೆ. ನಗರದ ಮನೆಗಳು ಸ್ವಚ್ಛವಾಗಿರುವುದಕ್ಕೆ ಈ ಊರುಗಳು ಒಂದು ಕಪ್ಪವನ್ನು ಆಗಲೇ ತೆತ್ತಿವೆ. ಅದಕ್ಕೆ ಯಾರ ಒಪ್ಪಿಗೆಯನ್ನೂ ಕೇಳಿರಲಿಲ್ಲ, ರಸೀದಿಯನ್ನೂ ಕೊಟ್ಟಿರಲಿಲ್ಲ. ಈಗ ಅದೇ ನಗರವು ಬಂದು ನೆಲವನ್ನೂ ಕೊಡಿರೆನ್ನುತ್ತದೆ. ಲೋಕಹಿತಕ್ಕಾಗಿ ಯಾರಾದರೂ ಭಾರವನ್ನು ಹೊರಬೇಕೆಂಬುದು ದಿಟ. ಪ್ರತಿಸಲವೂ ಅದೇ ಹೆಗಲು ಹೊರಬೇಕೆಂಬುದು ಯಾವ ಧರ್ಮಶಾಸ್ತ್ರದ ವಿಧಿಯೂ ಅಲ್ಲ. ಹಿಂದಿನ ಋಣವನ್ನು ತೀರಿಸದವನು ಹೊಸ ಸಾಲವನ್ನು ಕೇಳುವಾಗ ಗದರಿಸಿ ಕೇಳುವುದು ಸಲ್ಲದು.

ಇಷ್ಟು ಹೇಳಿದ ಮಾತ್ರದಿಂದ ಊರಿನ ಎಲ್ಲ ನಿರಾಕರಣೆಯೂ ಪವಿತ್ರವೆಂದಾಗಲಿಲ್ಲ. ನಿಷ್ಪಕ್ಷಪಾತಿಯಾದವನು ಹಳ್ಳಿಯ ಕಡೆಗೂ ಅದೇ ದೀಪವನ್ನು ಹಿಡಿಯಬೇಕು. ಹಳ್ಳಿಯೆಂದೊಡನೆ ತೆಂಗಿನ ನೆರಳನ್ನೂ ಕೆರೆಯ ಏರಿಯನ್ನೂ ಮಾತ್ರ ನೆನೆಯುವುದು ನಗರದವರ ಚಾಪಲ್ಯ. ಅಲ್ಲಿ ಕೇರಿಯೂ ಉಂಟು; ಕೇರಿಯವನಿಗೆ ಊರ ಬಾವಿಯು ದೂರವಾಗಿದ್ದುದೂ ಉಂಟು. ತಲೆಮಾರುಗಳಿಂದ ಪರರ ಹೊಲದಲ್ಲಿ ದುಡಿದವನಿಗೆ, ಯಾರ ಜಾತಿಯನ್ನೂ ಕೇಳದ ಬಡಾವಣೆಯ ಬೀದಿಯು ಬಿಡುಗಡೆಯಂತೆ ತೋರಿದರೆ ಅದನ್ನು ತಪ್ಪೆನ್ನುವ ಅಧಿಕಾರ ಯಾರಿಗೂ ಇಲ್ಲ. ನೂರು ಎಕರೆಯ ಒಡೆಯನು ಸಭೆಯಲ್ಲಿ ಮಣ್ಣನ್ನು ಮುಟ್ಟಿ ಆಣೆಯಿಟ್ಟು, ಕತ್ತಲಾದ ಮೇಲೆ ದಲ್ಲಾಳಿಯೊಡನೆ ದರವನ್ನು ಕುದುರಿಸುವ ಪಕ್ಷದಲ್ಲಿ, ಅವನ "ಒಲ್ಲೆ"ಯೂ ಎರಡು ಎಕರೆಯವನ "ಒಲ್ಲೆ"ಯೂ ಒಂದೇ ಪದವಾದರೂ ಒಂದೇ ಮಾತಲ್ಲ. ನೆಲವನ್ನು ಮಾರಿ ಮಗಳನ್ನು ಓದಿಸಬೇಕೆಂದಿರುವ ನೆರೆಯವನನ್ನು ಊರದ್ರೋಹಿಯೆಂದು ಜರೆಯುವುದೂ ಒಂದು ಬಲಾತ್ಕಾರವೇ. ಇಷ್ಟವಿಲ್ಲದವನಿಂದ ಕಿತ್ತುಕೊಳ್ಳಬಾರದೆಂಬ ನಿಯಮವು, ಇಷ್ಟವಿದ್ದವನನ್ನು ಕಟ್ಟಿಹಾಕಬಾರದೆಂಬ ನಿಯಮದೊಡನೆ ಅವಳಿಯಾಗಿಯೇ ಹುಟ್ಟಿದ್ದು. ಊರು ತನ್ನ ಮಾತಿಗೆ ಬೆಲೆಯನ್ನು ಕೇಳುವಾಗ, ಆ ಮಾತನ್ನು ಆಡಿದವರಲ್ಲಿ ಕೇರಿಯವರೂ ಹೆಂಗಸರೂ ಸೇರಿದ್ದಾರೆಯೆ ಎಂಬ ಪ್ರಶ್ನೆಗೆ ಉತ್ತರವನ್ನು ಕೊಡಲು ಸಿದ್ಧವಾಗಿರಬೇಕು.

ಇನ್ನು ನೀರಿನ ಮಾತೊಂದಿದೆ. ಹೊಲವು ಒಬ್ಬನ ಸ್ವತ್ತು. ಕೆರೆ, ರಾಜಕಾಲುವೆ, ಗುಂಡುತೋಪು, ಸ್ಮಶಾನ, ಇವು ಊರೆಲ್ಲರ ಸ್ವತ್ತು, ಮುಂದೆ ಹುಟ್ಟತಕ್ಕವರ ಸ್ವತ್ತು ಕೂಡ. ಒಡೆಯನು ಒಪ್ಪಿ ಹೊಲವನ್ನು ಕೊಡಬಹುದು. ಕೆರೆಯನ್ನು ಒಪ್ಪಿಸಿಕೊಡತಕ್ಕವರು ಯಾರು? ಪೇಟೆಯ ಧರ್ಮಾಂಬುಧಿ ಕೆರೆಯು ಬತ್ತಿಹೋಗಿ, ಆ ಸ್ಥಳದಲ್ಲಿ ಬಸ್ಸು ನಿಲ್ದಾಣವೆದ್ದಿತು. ಆ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿದೆ. ಸಂಪಂಗಿ ಕೆರೆಯ ಸ್ಥಳದಲ್ಲಿ ಆಟದ ಬಯಲಾಯಿತು. ಕೆರೆಗಳನ್ನು ಕಟ್ಟಿಸಿದ್ದಕ್ಕಾಗಿ ಜನರು ನೆನೆಯುವ ಪುರುಷನ ಹೆಸರನ್ನು ಹೊತ್ತ ಬಡಾವಣೆಯಲ್ಲಿ ಅದೇ ಕಥೆಯು ಮರಳಿ ನಡೆಯದಂತೆ ನೋಡಿಕೊಳ್ಳುವುದು ಹೆಸರಿಟ್ಟವರ ಹೊಣೆ. ಇಂಗ್ಲೆಂಡಿನಲ್ಲಿ ಎಬೆನೆಜರ್ ಹೋವರ್ಡ್ ಎಂಬಾತನು 1898ರಲ್ಲಿಯೇ, ಪಟ್ಟಣವು ಒಂದು ಮಿತಿಯನ್ನು ಮುಟ್ಟಿದ ಮೇಲೆ ಹಿಗ್ಗದೆ, ಸುತ್ತಲೂ ಬೇಸಾಯದ ಭೂಮಿಯನ್ನು ಉಳಿಸಿಕೊಂಡು, ಬೆಳೆವಣಿಗೆಯನ್ನು ಬೇರೊಂದು ಪಟ್ಟಣಕ್ಕೆ ಕಳುಹಿಸಬೇಕೆಂದು ವಾದಿಸಿದನು. 1938ರಲ್ಲಿ ಲಂಡನ್ನಿನ ಸುತ್ತ ಹಸುರು ವಲಯಕ್ಕೆ ಶಾಸನವಾಯಿತು. ಬೆಂಗಳೂರಿನ ನಕ್ಷೆಗಳಲ್ಲಿಯೂ ಹಸುರು ವಲಯವೆಂದು ಬಣ್ಣ ಹಚ್ಚಿದ್ದುಂಟು. ಆದರೆ ನಕ್ಷೆಯನ್ನು ತಿದ್ದಿದಂತೆಲ್ಲ ಆ ಬಣ್ಣವು ಹಿಂದೆ ಸರಿಯುತ್ತ ಹೋಯಿತು. ಹಸುರು ವಲಯದಿಂದ ನಗರದೊಳಗಿನ ಮನೆಗಳು ತುಟ್ಟಿಯಾಗುತ್ತವೆಂಬ ಆಕ್ಷೇಪವು ಲಂಡನ್ನಿನಲ್ಲಿಯೂ ಕೇಳಿಬಂದಿದೆ. ಅದು ಹುರುಳಿಲ್ಲದ ಆಕ್ಷೇಪವಲ್ಲ. ಹಾಗಾದರೆ ಹೊಲವನ್ನು ಉಳಿಸುವ ನಗರವು ತನ್ನೊಳಗೆ ಎತ್ತರವಾಗಿಯೂ ಒತ್ತಾಗಿಯೂ ಕಟ್ಟುವುದಕ್ಕೆ, ಪಾಳು ನಿವೇಶನಗಳನ್ನು ಬಳಕೆಗೆ ತರುವುದಕ್ಕೆ ಸಿದ್ಧವಾಗಬೇಕು. ಹೊಲವೂ ಉಳಿಯಲಿ, ಪಕ್ಕದ ಮನೆಯ ಮೇಲೆ ಎರಡನೆಯ ಮಹಡಿಯೂ ಬೇಡ, ಬಾಡಿಗೆಯೂ ಏರದಿರಲಿ ಎಂಬ ಮೂರು ಆಸೆಗಳು ಒಟ್ಟಿಗೆ ನೆರವೇರಲಾರವು.

ಹೀಗೆ ವಿಚಾರಮಾಡಿದರೆ ಊರಿನ "ಒಲ್ಲೆ" ಎಂಬುದು ಎಲ್ಲ ಕಾಲಕ್ಕೂ ಗೆಲ್ಲತಕ್ಕ ಮಾತಾಗದಿದ್ದರೂ, ಎಲ್ಲ ಕಾಲಕ್ಕೂ ಉತ್ತರವನ್ನು ಪಡೆಯತಕ್ಕ ಮಾತೆಂದು ಸಿದ್ಧವಾಗುತ್ತದೆ. ತೆಗೆದುಕೊಳ್ಳುವವನು ನಾಲ್ಕು ಸಂಗತಿಗಳನ್ನು ಮೊದಲು ತೋರಿಸಿಕೊಡಬೇಕು: ನಗರದೊಳಗೆ ಬರಿದಾಗಿರುವ ನೆಲವು ಸಾಲದೆಂಬುದನ್ನು, ತೆಗೆದ ನೆಲವು ಮನೆಯಿಲ್ಲದವನಿಗೇ ಸಲ್ಲುವುದೆಂಬುದನ್ನು, ಪಹಣಿಯಲ್ಲಿಲ್ಲದವರ ಬದುಕಿಗೂ ದಾರಿಯಾಗಿದೆಯೆಂಬುದನ್ನು, ಅದೇ ಊರು ಹಿಂದೆ ಹೊತ್ತ ಭಾರಕ್ಕೆ ಪ್ರತಿಯಾಗಿ ಏನಾದರೂ ಸಂದಿದೆಯೆಂಬುದನ್ನು. ಇವುಗಳಿಗೆ ಉತ್ತರವಿಲ್ಲದ ಪಕ್ಷದಲ್ಲಿ ರೈತನ ನಿರಾಕರಣೆಯನ್ನು ಹಟವೆನ್ನಲಾಗದು. ಅದು ನ್ಯಾಯದ ಮಾತು. ಅಂತಹ ಮಾತಿಗೆ ಸರ್ಕಾರವು ಕಿವಿಗೊಡುವುದು ಅಸಾಧ್ಯವೇನೂ ಅಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಕೈಗಾರಿಕೆಗಾಗಿ ಹದಿಮೂರು ಗ್ರಾಮಗಳ 1,777 ಎಕರೆಯನ್ನು ತೆಗೆದುಕೊಳ್ಳಹೊರಟಾಗ, 2022ರ ಏಪ್ರಿಲಿನಿಂದ ಮೂರು ವರ್ಷಗಳಿಗೂ ಮಿಗಿಲಾಗಿ ರೈತರು ಧರಣಿಯನ್ನು ನಡೆಸಿದರು. 2025ರ ಜುಲೈ 15ರಂದು ಸರ್ಕಾರವು ಆ ಸ್ವಾಧೀನವನ್ನು ಕೈಬಿಟ್ಟುದಾಗಿ ಸಾರಿತು. ಇಷ್ಟವಿದ್ದವರು ಮಾತ್ರ ಕೊಡಬಹುದೆಂದೂ ಆಗ ತಿಳಿಸಿತು. ಕೊಡುವೆನೆಂಬುದಕ್ಕೂ ಒಲ್ಲೆನೆಂಬುದಕ್ಕೂ ಸ್ಥಳವಿರುವ ಈ ಕ್ರಮವನ್ನು ಮೂರು ವರ್ಷಗಳ ಕೊನೆಯಲ್ಲಿ ಹೇಳುವುದಕ್ಕಿಂತ ಮೊದಲನೆಯ ದಿನವೇ ಹೇಳಿದ್ದರೆ, ಬಿಸಿಲಿನಲ್ಲಿಯೂ ಮಳೆಯಲ್ಲಿಯೂ ಕುಳಿತ ಜನರ ಅಷ್ಟು ದಿನಗಳು ಅವರ ಹೊಲಗಳಿಗೇ ಸಲ್ಲುತ್ತಿದ್ದುವು.

ಈ ಹೊಣೆಯು ಸರ್ಕಾರದ್ದೆಂದು ಹೇಳಿ ಓದುಗರ ಮನೆಯು ಜಾರಿಕೊಳ್ಳುವಂತಿಲ್ಲ. ಬಡಾವಣೆಗಳು ಹುಟ್ಟುವುದು ಅರ್ಜಿಗಳಿಂದ. ನಿವೇಶನಕ್ಕೆ ಅರ್ಜಿ ಹಾಕುವ ಗೃಹಸ್ಥನು ಅಳತೆಯನ್ನು ವಿಚಾರಿಸುತ್ತಾನೆ, ಮೂಲೆಯ ನಿವೇಶನವೆ ಎಂದು ವಿಚಾರಿಸುತ್ತಾನೆ, ಬಾಗಿಲು ಯಾವ ದಿಕ್ಕಿಗೆಂದು ಜೋಯಿಸರನ್ನೂ ವಿಚಾರಿಸುತ್ತಾನೆ. ಆ ನೆಲವು ಯಾವ ಊರಿನದು, ಕೊಟ್ಟವರು ಒಪ್ಪಿ ಕೊಟ್ಟರೆ, ಅವರಿಗೆ ಸಲ್ಲಬೇಕಾದದ್ದು ಸಂದಿದೆಯೆ ಎಂಬ ಇನ್ನೊಂದು ವಿಚಾರಣೆಯನ್ನು ಅವನು ಅದಕ್ಕೆ ಸೇರಿಸಿಕೊಳ್ಳಬಹುದು. ಇರುವ ಮನೆಯ ಮೇಲೆ ಎರಡನೆಯ ನಿವೇಶನವನ್ನು ಮಕ್ಕಳ ಹೆಸರಿನಲ್ಲಿ ಬೇಡುವವನು, ಆ ಅರ್ಜಿಯಿಂದ ಯಾರ ಕಣದಲ್ಲಿ ರಾಗಿಯ ಮೆದೆಯು ಏಳದೆ ಹೋಗುವುದೆಂದು ಒಂದು ಗಳಿಗೆ ಯೋಚಿಸಿ, ಅರ್ಜಿಯನ್ನು ಮಡಿಸಿಟ್ಟರೂ ಇಡಬಹುದು. ಹಾಗೆ ಮಡಿಸಿಟ್ಟ ಅರ್ಜಿಗಳು ಹೆಚ್ಚಿದಷ್ಟೂ, ನಿಜವಾಗಿ ಸೂರಿಲ್ಲದವನಿಗೆ ನಗರದಲ್ಲಿ ಸ್ಥಳವೂ, ಉಳಲೊಪ್ಪಿದವನಿಗೆ ಊರಿನಲ್ಲಿ ಹೊಲವೂ ಉಳಿದಾವು.